ನನ್ನ ಹೆಂಡತಿ ಓದುವ ಹುಡುಗ

ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತೇವೋ ಅವನಿಗೆ ಒಂದಿಷ್ಟು ಯೋಗ್ಯತೆಯಾದರೂ ಇರಬೇಕು ಎಂದು ನಂಬಿದವನು ನಾನು. ಎದುರಿನ ಅಂಗಡಿಯವನು ಗಾಜಿನ ಬಾಗಿಲು ಹಾಕಿಸಿದಾಗ ನನಗೆ ಎರಡು ತಿಂಗಳು ಊಟ ಸೇರಲಿಲ್ಲ. ಅದರಲ್ಲೊಂದು ಮರ್ಯಾದೆ ಇತ್ತು. ಬಾಗಿಲು ನಿಜಕ್ಕೂ ಚೆನ್ನಾಗಿತ್ತು. ಆದರೆ ಗಡಿಯಾಚೆಯ ಉಮರ್ಗಾದ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡು, ವಿಭೂತಿ ಹಚ್ಚಿಕೊಂಡೇ ಗಾದಿಯ ಮೇಲೆ ಕೂರುವ ಐವತ್ತೊಂದರ ಈ ಮನುಷ್ಯ, ಕಾಗದದ ಮೇಲಷ್ಟೇ ಇರುವ ಇಪ್ಪತ್ತರ ಪೋರನೊಬ್ಬನನ್ನು ನೆನೆದು ಉರಿದುಕೊಂಡನೆಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ಆ ಪೋರ ಮನೆಗೆ ಬಂದದ್ದು ನಿಲಂಗಾದಲ್ಲಿ ಕಾಲೇಜು ಓದುವ ಮಗಳ ಚೀಲದಲ್ಲಿ. ಮರಾಠಿ ಪ್ರೇಮ ಕಾದಂಬರಿ. ನಮ್ಮದು ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ; ಹಾಗಾಗಿ ಓದು ಅದರಲ್ಲಿ, ಜಗಳ ಇದರಲ್ಲಿ. “ಹಾಸ್ಟೆಲ್ಲಿನಾಗ ಎಲ್ಲಾರೂ ಇದೇ ಓದ್ಲಕತ್ತಾರ ಅಪ್ಪಾ, ಓದಿದೋರೆಲ್ಲಾ ಅತ್ತಾರ” ಎಂದಳು ಮಗಳು. ರಜೆ ಮುಗಿದು ಅವಳು ಹೋದಳು, ಪುಸ್ತಕ ಉಳಿಯಿತು. ನನ್ನ ಹೆಂಡತಿ ಮಹಾನಂದಾ ಅದನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟುಕೊಂಡು ರೊಟ್ಟಿ ಬಡಿಯತೊಡಗಿದಳು. ಮುಗಿಸಿದವಳು ಮತ್ತೆ ಮೊದಲ ಪುಟದಿಂದ ಹಿಡಿದಳು. ನಡುನಡುವೆ ನಿಟ್ಟುಸಿರು. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಕಂಡು ಅವಳು ನಿಟ್ಟುಸಿರು ಬಿಟ್ಟಿಲ್ಲವೆಂದಲ್ಲ. ಆದರೆ ಆ ನಿಟ್ಟುಸಿರಿನ ಜಾತಿಯೇ ಬೇರೆ.

“ಏನದ ಅದರಾಗ?” ಎಂದು ಕೇಳಿದೆ.

“ಒಬ್ಬ ಹುಡುಗ ಇದ್ದಾನ್ರಿ.”

“ಏನ್ ಮಾಡ್ತಾನ ಅಂವಾ?”

“ಏನೂ ಮಾಡಂಗಿಲ್ಲ. ಸುಮ್ಮ ನಿಂತಿರ್ತಾನ” ಎಂದು ಪುಟ ತಿರುವಿದಳು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಮರುದಿನವೂ ಕೇಳಿದೆ, ಅದರ ಮರುದಿನವೂ ಕೇಳಿದೆ. ಅವನು ನಿಂತೇ ಇದ್ದ.

ಅವಳು ದಾಳಿಂಬವೆಂಬ ಊರಿನಲ್ಲಿರುವ ಅಕ್ಕನ ಮನೆಗೆ ಹೋದ ದಿನ ಪುಸ್ತಕವನ್ನು ಅಂಗಡಿಗೆ ಒಯ್ದು ಓದಿದೆ. ವೈರಿ ಗಟ್ಟಿಗನಾಗಿರಲಿ ಎಂದು ಹಾರೈಸಿಕೊಂಡೇ ತೆರೆದೆ. ಎಂಥ ನಿರಾಶೆ! ಮುನ್ನೂರು ಪುಟದುದ್ದಕ್ಕೂ ಆಸಾಮಿ ಮೋಟರ್‌ಸೈಕಲ್ಲಿಗೆ ಒರಗಿ ನಿಂತಿದ್ದಾನೆ. ಕಣ್ಣಿನ ಮೇಲೆ ಕೂದಲು. ಹೊಲವಿಲ್ಲ, ಅಂಗಡಿಯಿಲ್ಲ, ಹೊಟ್ಟೆಗೇನು ತಿನ್ನುತ್ತಾನೋ ಬರೆದವರಿಗೇ ಗೊತ್ತಿಲ್ಲ. ಹುಡುಗಿ ಹೊದ್ದ ರೇಷ್ಮೆ ಓಢಣಿ ಮೂರು ಸಲ ಮಳೆಯಲ್ಲಿ ತೊಯ್ಯುತ್ತದೆ, ಒಂದು ಸಲವೂ ಬಣ್ಣ ಬಿಡುವುದಿಲ್ಲ! ಅಂಥ ಮಾಲು ಎಲ್ಲಿ ಸಿಗುತ್ತದೆಂದು ಬರೆದಿದ್ದರೆ ನನಗೊಂದು ಉಪಕಾರವಾದರೂ ಆಗುತ್ತಿತ್ತು. ಇಂಥವನೆದುರು ನಾನು ಸೋತೆನೇ? ಮೊದಲು ಬರೀ ಹೊಟ್ಟೆಕಿಚ್ಚಿತ್ತು. ಈಗ ಅವಮಾನವೂ ಕೂಡಿಕೊಂಡಿತು.

ಪುಟಗಳ ಅಂಚಿಗೆ ಮಹಾನಂದಾಳ ಹೆಬ್ಬೆರಳಿನ ಅರಿಶಿನ ಹತ್ತಿತ್ತು. ಒಂದು ಪುಟವಂತೂ ಹಳದಿಯೋ ಹಳದಿ. ಅಲ್ಲಿ ಹುಡುಗ ಕೊನೆಗೂ ಬಾಯಿಬಿಟ್ಟು, ಈ ಬಣ್ಣ ನಿನಗೆ ಒಪ್ಪುತ್ತದೆ ಎನ್ನುತ್ತಾನೆ. ಇಷ್ಟೇ! ನಕ್ಕುಬಿಟ್ಟೆ. ಈ ಮಾತನ್ನು ನಾನು ದಿನವಿಡೀ ಆಡುತ್ತೇನೆ. ಗಿರಾಕಿಗಳು ತುರೋರಿಯವರಿರಲಿ, ಯೆಣೆಗೂರಿನವರಿರಲಿ, ಸೀರೆಯ ಸೆರಗನ್ನು ನನ್ನ ಹೆಗಲ ಮೇಲೇ ಹೊದ್ದು, ಕತ್ತು ಓರೆ ಮಾಡಿ ತೋರಿಸುತ್ತೇನೆ. ನಗು ನಿಂತದ್ದು ಆಮೇಲೆ. ಮನೆಗೆ ನಾನು ಒಯ್ಯುವುದು ಹಬ್ಬ ಮುಗಿದರೂ ಯಾರೂ ಕೊಳ್ಳದೆ ಉಳಿದ ಸೀರೆ. ಕೊಡುವಾಗ ಆಡುವ ಮಾತು, “ತಗೋ, ಮನ್ಯಾಗ ಉಟ್ಕೊಳ್ಳಾಕ ಆಗ್ತದ.”

ಸಂಜೆ ಅವಳು ಆಟೋ ಇಳಿದು ಬರುವಾಗ ಬಾಗಿಲಲ್ಲಿ ಸ್ಕೂಟರಿಗೆ ಒರಗಿ ನಿಂತೆ. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನಿಜವಾಗಿಯೂ ಚೆಂದ ಕಾಣುತ್ತಿದ್ದಳು. ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹೊರಗೆ ತಂದೆ: “ಈ ಹಸರು ನಿಮಗ ಭಾಳ ಒಪ್ಪತದ ನೋಡ್ರಿ, ಅಕ್ಕಾರ.”

ಗಾದಿಯ ಮೇಲೆ ಕೂತು ಕೂತು ನಾಲಿಗೆಗೆ ಅಂಟಿದ ರೂಢಿ. ಕಟ್ಟಿಕೊಂಡ ಹೆಂಡತಿಯನ್ನೇ ಅಕ್ಕನನ್ನಾಗಿ ಮಾಡಿತ್ತು.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕಳು. ಕಣ್ಣೊರೆಸಿಕೊಂಡು, “ಪುಸ್ತಕ ಓದೀರಿ, ಹೌದಿಲ್ಲೋ? ಹ್ಯಾಂಗದ?” ಎಂದಳು.

“ಹಾಳ ಪುಸ್ತಕ.”

“ನನಗೂ ಸೇರಲಿಲ್ರಿ. ಬರೇ ನಿಂದರ್ತಾನ.”

“ಮತ್ತ ಎರಡ ಸಲ ಯಾಕ ಓದಿದಿ?”

ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಹೇಳಿದಳು: “ಇಷ್ಟ ವರ್ಷದಾಗ ನನ್ನ ಕೈಯಾಗ ಏನದ ಅಂತ ನೀವು ಒಮ್ಮಿನೂ ಕೇಳಿದ್ದಿಲ್ಲ. ಈ ಪುಸ್ತಕ ಹಿಡದ ಮ್ಯಾಲ ದಿನಾ ಕೇಳ್ಲಕತ್ತೀರಿ. ಅದಕ್ಕ ಬಿಡಲಿಲ್ಲ.”

ಅವಳ ಕೈಚೀಲ ತೆಗೆದುಕೊಂಡು ಒಳಗೆ ಹೋದೆ.

ಮುಂದಿನ ಸಲ ಬಂದಾಗ ಮಗಳು ಪುಸ್ತಕ ಒಯ್ದಳು. ಪೀಡೆ ತೊಲಗಿತೆಂದು ನಾನು ಹಿಗ್ಗಬೇಕಿತ್ತು. ಆದರೆ ಎಂಟೇ ದಿನದಲ್ಲಿ ಮೊದಲಿನಂತೆ ತಟ್ಟೆಯನ್ನಷ್ಟೇ ನೋಡಿ ಉಂಡು ಏಳುವವನಾದೆ. ಅದು ನನಗೇ ಗೊತ್ತಾಗಿ ಹೆದರಿಕೆಯಾಯಿತು. ಮೊನ್ನೆ ಮಾಲು ತರಲು ಉದಗೀರಕ್ಕೆ ಹೋದವನು ಪುಸ್ತಕದಂಗಡಿ ಹೊಕ್ಕು ಆ ಕಾದಂಬರಿಯ ಎರಡನೆಯ ಭಾಗ ಕೇಳಿ ತೆಗೆದುಕೊಂಡೆ. ಬಸ್ಸಿನಲ್ಲಿ ಕೂತವನೇ ಕೊನೆಯ ಪುಟ ತೆರೆದೆ. ಸದ್ಯ, ಹುಡುಗ ಬದುಕಿದ್ದಾನೆ. ಅವನ ಆಯುಷ್ಯ ಗಟ್ಟಿಯಿರಲಿ. ಅವನಿಲ್ಲದೆ ನನ್ನ ಸಂಸಾರ ನಡೆಯುವಂತಿಲ್ಲ.