ಬಾಗಿಲಿಗೆ ಎರಡು ಎಮ್ಮೆ

ಕಲಾವಿದನಾದವನು ಕಣ್ಣಾರೆ ಕಾಣದ್ದನ್ನು ಬರೆಯಬಾರದು ಎಂಬುದು ನನ್ನ ಸಿದ್ಧಾಂತ. ಎಪ್ಪತ್ತರ ದಶಕದ ಕೊನೆಯಲ್ಲಿ ಮಾನ್ವಿಯ ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದ ನನಗೆ ಸಿದ್ಧಾಂತಗಳ ಕೊರತೆ ಇರಲಿಲ್ಲ. ಗಿರಾಕಿಗಳ ಕೊರತೆ ಇತ್ತು, ಅಷ್ಟೇ!

ರಾಯಚೂರಿನ ಚಿತ್ರಪ್ರದರ್ಶನಕ್ಕೆ ಮೂರು ಸಲ ಚಿತ್ರ ಕಳಿಸಿದ್ದೆ. ಮೂರು ಸಲವೂ ವಾಪಸ್ ಬಂದವು. ಕೊನೆಯ ಸಲವಂತೂ ಅವರು ಕಟ್ಟು ಬಿಚ್ಚಿಯೇ ಇರಲಿಲ್ಲ. ನಾನು ಹಾಕಿದ ಗಂಟು ಹಾಗೆಯೇ ಇತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಹೆಂಡತಿ ಶಾಂತಾ ಸಮಾಧಾನ ಹೇಳಲಿಲ್ಲ, ತೀರ್ಪು ಕೊಟ್ಟಳು.

"ಇನ್ನೊಂದು ಸಲ ಯಾರಾರ ನಿಮ್ಮ ಚಿತ್ರ ಬ್ಯಾಡ ಅಂದ್ರ ಬ್ರಷ್ ಅಟ್ಟದ ಮ್ಯಾಲ ಇಟ್ಟುಬಿಡ್ರಿ. ರಾಯಚೂರಾಗ ನಮ್ಮಣ್ಣನ ಕಿರಾಣಿ ಅಂಗಡ್ಯಾಗ ಬೆಲ್ಲ ತೂಗಾಕ ಹೋಗ್ರಿ!"

ಒಪ್ಪಿಕೊಂಡೆ. ಆ ವಾರವೇ ಮಲ್ಲಟದ ಶರಣಪ್ಪನವರ ಮಗಳ ಮದುವೆಗೆ ಗೋಡೆ ಬರೆಯುವ ಕೆಲಸ ಬಂತು. ಮದುವೆ ಮನೆಯ ಬಾಗಿಲಿನ ಎರಡೂ ಬದಿಗೆ ಆನೆ ಬರೆಸುವುದು ನಮ್ಮ ಕಡೆ ರೂಢಿ. ಆದರೆ ನಾನು ಆನೆ ನೋಡಿದವನಲ್ಲ! ರಾಯಚೂರಿಗೆ ಸರ್ಕಸ್ ಬಂದಾಗ ನನಗೆ ಮಲೇರಿಯಾ ಬಂದಿತ್ತು.

"ಕ್ಯಾಲೆಂಡರ್ ನೋಡಿ ತಗೀರಿ," ಎಂದಳು ಶಾಂತಾ.

"ಅದು ನಕಲು!" ಎಂದು ಎದೆಯುಬ್ಬಿಸಿ ಬಸ್ಸು ಹತ್ತಿದೆ.

ಕಾಲು, ಹೊಟ್ಟೆ, ಬೆನ್ನಿಗೆಲ್ಲ ಅಂಗಳದಲ್ಲಿ ಕಟ್ಟಿದ್ದ ಶರಣಪ್ಪನವರ ಎಮ್ಮೆಯನ್ನೇ ಮಾದರಿಯಾಗಿ ಇಟ್ಟುಕೊಂಡೆ. ಕುತ್ತಿಗೆಯ ತನಕ ಯಾವ ತೊಂದರೆಯೂ ಆಗಲಿಲ್ಲ. ಸೊಂಡಿಲಿನ ಹತ್ತಿರ ಸಿದ್ಧಾಂತ ಅಡ್ಡ ಬಂತು. ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ಎಂಥ ಕಣ್ಣುಗಳವು! ಕೈ ತಡೆಯಲಿಲ್ಲ. ಸಂಜೆಯ ಹೊತ್ತಿಗೆ ಬಾಗಿಲಿನ ಆಚೆಗೊಂದು ಈಚೆಗೊಂದು ಎಮ್ಮೆ, ಕೊಂಬು ಸಮೇತ ನಿಂತಿದ್ದವು. ಅಷ್ಟು ಒಳ್ಳೆಯ ಚಿತ್ರವನ್ನು ನಾನು ಅದುವರೆಗೆ ಬರೆದಿರಲಿಲ್ಲ.

ಹೊರಗೆ ಬಂದ ಶರಣಪ್ಪನವರ ತಾಯಿ ಎದೆ ಬಡಿದುಕೊಂಡರು.

"ಯವ್ವಾ! ಮದುವಿ ಮನಿ ಬಾಗಿಲಿಗೆ ಯಮನ ವಾಹನ ನಿಲ್ಲಿಸ್ಯಾನ! ನಿನ್ನ ಬಾಯಾಗ ಮಣ್ಣ ಹಾಕ!"

"ಯಮಂದು ಕೋಣ ಯವ್ವಾ, ಇವು ಎಮ್ಮಿ. ಕೆಚ್ಚಲ ನೋಡ್ರಿ," ಎಂದೆ ವಿನಯದಿಂದ.

ಶರಣಪ್ಪನವರು ಕೆಂಪಗಾದರು. "ಆನಿ ಎಲ್ಲಿ ಪೇಂಟರಾ?"

"ನೋಡದ್ದನ್ನ ನಾ ತಗ್ಯಂಗಿಲ್ರೀ."

"ಹಂಗಾರ ಹ್ವಾದ ವರ್ಷ ನಮ್ಮ ಗುಡ್ಯಾಗ ಗಣಪತಿ ತಗದಿಯಲ್ಲ, ಅವನ್ನ ಎಲ್ಲಿ ನೋಡಿದ್ದಿ?"

ಅವನಿಗೆ ಸೊಂಡಿಲನ್ನೂ ಬರೆದಿದ್ದೆ!

ಮೇಲೆ ಸುಣ್ಣ ಬಳಿಸಿದರು. ಬಾಳಿಕೆ ಬರಲೆಂದು ನಾನು ಬೋರ್ಡಿಗೆ ಹಚ್ಚುವ ಎಣ್ಣೆ ಬಣ್ಣ ಬಳಸಿದ್ದೆ. ಸುಣ್ಣ ಜಾರಿ ನೆಲಕ್ಕಿಳಿಯಿತು. ಎಮ್ಮೆಗಳು ಮೈ ತೊಳೆಸಿಕೊಂಡು ಇನ್ನಷ್ಟು ಹೊಳೆದವು.

ಮರುದಿನ ಬೆಳಿಗ್ಗೆ ದೇವದುರ್ಗದಿಂದ ಬೀಗರು ಬಂದಿಳಿದರು. ನಿಜವಾದ ಎಮ್ಮೆಯನ್ನು ಹಿತ್ತಲಿಗೆ ಅಟ್ಟಿ, ಗೋಡೆಯ ಒಂದು ಎಮ್ಮೆಗೆ ಬಿದಿರಿನ ತಟ್ಟಿ ಅಡ್ಡ ನಿಲ್ಲಿಸಿದ್ದರು. ಇನ್ನೊಂದಕ್ಕೆ ಜಮಖಾನೆ ಹಿಡಿದು ನಿಲ್ಲುವ ಶಿಕ್ಷೆ ನನ್ನದು. ನನ್ನ ಚಿತ್ರವನ್ನು ನಾನೇ ಮುಚ್ಚುವುದು! ಅಷ್ಟರಲ್ಲಿ ಗಂಡಿನ ಅಜ್ಜ ನನ್ನ ಮುಂದೆಯೇ ಬಂದು "ಶರಣ್ರೀ" ಎಂದರು. ಹಿರಿಯರು! ಎರಡೂ ಕೈ ಎತ್ತಿ ಮುಗಿದೆ.

ಜಮಖಾನೆ ನೆಲಕ್ಕೆ ಬಿತ್ತು.

ಅಜ್ಜ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

"ಎರಡು ಸೂಲು ಆಗ್ಯಾವು, ಎರಡು ಕರ ಹಾಕ್ಯದ. ಬಲಗಾಲ ಮ್ಯಾಲ ಭಾರ ಹಾಕಂಗಿಲ್ಲ. ಹಾಲು ಚಲೋ ಕೊಡ್ತದ," ಎಂದರು.

ಶರಣಪ್ಪನವರು ಬೆರಗಾದರು. ಎಲ್ಲವೂ ಖರೇ! ಎಮ್ಮೆ ವ್ಯಾಪಾರದಲ್ಲೇ ಕೂದಲು ಬೆಳ್ಳಗಾದ ಮನುಷ್ಯ, ನನ್ನ ಚಿತ್ರವನ್ನು ಗೆರೆ ಗೆರೆಯಾಗಿ ಓದಿದ್ದರು. ನನಗೆ ಕಣ್ಣಲ್ಲಿ ನೀರು ಬಂತು.

"ಇದು ನನಗ ಬೇಕು," ಎಂದರು ಅಜ್ಜ.

"ಯಜ್ಜಾ, ನನ್ನ ಚಿತ್ರ ಬೇಕು ಅಂದವರು ನೀವೇ ಮೊದಲಿಗರು!"

"ಚಿತ್ರ ಯಾರಿಗೆ ಬೇಕೋ ತಮ್ಮಾ? ಎಮ್ಮಿ ಎಲ್ಲದ ತೋರ್ಸು!"

ಮದುವೆ ಸುಸೂತ್ರವಾಗಿ ಆಯಿತು. ಎಮ್ಮೆ ದೇವದುರ್ಗಕ್ಕೆ ಹೋಯಿತು. ನಾನು ಹೋಳಿಗೆ ಉಂಡು, ಸಂತೋಷದಿಂದಲೇ ಮಾನ್ವಿಗೆ ಬಂದೆ.

"ಏನಾತ್ರೀ? ಬೇಕಂದ್ರೋ, ಬ್ಯಾಡಂದ್ರೋ?" ಶಾಂತಾ ಬಾಗಿಲಲ್ಲೇ ತಡೆದಳು.

"ಈ ಸಲ ಚಿತ್ರ ವಾಪಸ್ ಕಳಿಸಿಲ್ಲ!" ಎಂದೆ ಗತ್ತಿನಿಂದ.

"ಗೋಡಿ ಹೆಂಗ ವಾಪಸ್ ಕಳಿಸ್ತಾರ್ರೀ?" ಎಂದು ಬಿದ್ದು ಬಿದ್ದು ನಕ್ಕಳು.

ಬೆಲ್ಲ ತೂಗಲು ನಾನು ಹೋಗಲಿಲ್ಲ. ಆದರೆ ಅವಳು ನಗುತ್ತ ಹೇಳಿದ ಮಾತನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಂಡೆ. ಅಂದಿನಿಂದ ಗೋಡೆ ಬಿಟ್ಟು ಬೇರೆ ಯಾವುದರ ಮೇಲೂ ನಾನು ಚಿತ್ರ ಬರೆಯುವುದಿಲ್ಲ!