ದೊಡ್ಡಮ್ಮನ ಕಾರಿಗೆ ಬೈಕಿನ ಟಯರು

ಈ ಸಂಗತಿಯನ್ನು ಬರೆಯಬೇಕೆಂದು ಮೊದಲು ಅಂದುಕೊಂಡದ್ದು ನಾನು ಕೆಲಸದಿಂದ ನಿವೃತ್ತನಾದ ವರ್ಷ. ಕಣ್ಣಿನ ಆಪರೇಶನ್ ಆಗಲಿ, ಮತ್ತೆ ಬರೆಯೋಣ ಎಂದೆ. ಅದಾಯಿತು. ಮಗಳ ಮಗ ಹತ್ತನೇ ಕ್ಲಾಸ್ ಪಾಸಾಗಲಿ ಎಂದೆ. ಆ ಪುಣ್ಯಾತ್ಮ ಅದನ್ನೂ ಒಂದೇ ಸಲಕ್ಕೆ ಪಾಸು ಮಾಡಿಬಿಟ್ಟ. ಈಗ ನನ್ನಲ್ಲಿ ನೆಪಗಳ ಸ್ಟಾಕ್ ಖಾಲಿ. ಎಸ್ಸೆಸ್ಸೆಲ್ಸಿ ಮುಗಿಸಿದವನೇ ಮಂಗಳೂರಿನ ಒಂದು ಟಯರ್ ಅಂಗಡಿಗೆ ಸೇರಿದವನು ನಾನು. ಇಲ್ಲದ ಮಾಲನ್ನು ಉಂಟು ಎಂದು ಹೇಳಿದ್ದಕ್ಕೆ ಲೆಕ್ಕವಿಲ್ಲ, ಅದು ವ್ಯಾಪಾರ. ಆದರೆ ಎದುರಿಗೇ ಇದ್ದ ಒಳ್ಳೆಯ ಮಾಲನ್ನು ಆಗುವುದಿಲ್ಲ ಎಂದದ್ದು ಜೀವಮಾನದಲ್ಲಿ ಒಮ್ಮೆ ಮಾತ್ರ. ಆ ಒಂದು ಮಾತಿಗೆ ನನ್ನ ದೊಡ್ಡಮ್ಮ ತಮ್ಮ ಕಾರನ್ನು ಬಿಟ್ಟುಕೊಟ್ಟರು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಅವರ ತಲೆ ಸರಿಯಿಲ್ಲ ಎಂದು ಹೇಳುವವರು ಅವರ ಮನೆಯಿದ್ದ ಕಾವೂರಿನಲ್ಲಿ ಕೆಲವರಿದ್ದರು. ನಾನು ಒಪ್ಪುವುದಿಲ್ಲ. ಸರಿ ಇತ್ತು, ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಸರಿ ಇತ್ತು. ಇಲ್ಲದಿದ್ದರೆ ಟಯರಿನ ಎದೆಬಡಿತ ಕೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ವಾರ್ಡಿನ ನರ್ಸ್ ಆಗಿದ್ದವರು ಅವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಆ ವಾರ್ಡಿನಲ್ಲಿ ಒಂದು ದಿನ ನಿಂತು ನೋಡು, ಮತ್ತೆ ಕೇಳು" ಎಂದು ನಮ್ಮ ಮನೆಮಾತಾದ ತುಳುವಿನಲ್ಲಿ ಹೇಳುತ್ತಿದ್ದರು. ಅಲ್ಲಿನ ಹಿರಿಯ ಡಾಕ್ಟರಮ್ಮ ಊರು ಬಿಟ್ಟು ಹೋಗುವಾಗ ತಮ್ಮ ಬೇಬಿ ಆಸ್ಟಿನ್ ಕಾರನ್ನು ದೊಡ್ಡಮ್ಮನಿಗೆ ಕೊಟ್ಟು ಹೋದರು. ಆಗಲೇ ಅದಕ್ಕೆ ಬಹಳ ವಯಸ್ಸಾಗಿತ್ತು. ನೋಡಲಿಕ್ಕೆ ಬಿಸ್ಕಿಟ್ ಡಬ್ಬದ ಹಾಗೆ, ಚಕ್ರಗಳು ಸೈಕಲ್ಲಿನ ಹಾಗೆ ಕಡ್ಡಿಯವು. ನಾಲ್ಕು ಜನ ಕೂತರೆ ಗುಡ್ಡ ಹತ್ತುವುದಿಲ್ಲ. ಇಬ್ಬರು ಇಳಿದು ಪಕ್ಕದಲ್ಲಿ ನಡೆಯಬೇಕು, ನಡೆದವರೇ ಮೊದಲು ಮೇಲೆ ಮುಟ್ಟುತ್ತಿದ್ದರು.

ನಿವೃತ್ತಿಯಾದ ಮೇಲೂ ಅವರ ಕೆಲಸ ನಿಲ್ಲಲಿಲ್ಲ. ಕಾವೂರಿನಿಂದ ಸುರತ್ಕಲ್ಲಿನವರೆಗೆ ಯಾವ ಮನೆಯಲ್ಲಿ ಬಸುರಿ, ಯಾವ ಮನೆಯಲ್ಲಿ ಬಾಣಂತಿ ಎಂಬುದೆಲ್ಲ ಅವರ ಬಾಯಿಯಲ್ಲಿ. ನೋವು ಬಂದ ಹೆಂಗಸರನ್ನು ಅದೇ ಕಾರಿನಲ್ಲಿ ಕೂರಿಸಿ ಅತ್ತಾವರಕ್ಕೆ ಮುಟ್ಟಿಸುತ್ತಿದ್ದರು. ಹಿಂದಿನ ಸೀಟಿನಲ್ಲೇ ಹುಟ್ಟಿದ ಮಕ್ಕಳು ಎರಡು. ಗಾಡಿ ಓಡಿಸುತ್ತಿದ್ದ ವೇಗವೂ ಬಸುರಿಯರಿಗೆ ತಕ್ಕದ್ದೇ. ಹಿಂದಿನಿಂದ ಬಸ್ಸು ಎಷ್ಟು ಹಾರ್ನ್ ಹಾಕಿದರೂ ಅವರು ನಡುರಸ್ತೆ ಬಿಡುವವರಲ್ಲ.

ಒಮ್ಮೆ ಹಂಪನಕಟ್ಟೆಯಲ್ಲಿ ಹೊಸ ಟ್ರಾಫಿಕ್ ಪೊಲೀಸನೊಬ್ಬ ಕೈ ಅಡ್ಡ ಹಿಡಿದು ನಿಲ್ಲಿಸಿದ. ದೊಡ್ಡಮ್ಮ ಕನ್ನಡಕ ಸರಿಮಾಡಿ ಅವನ ಮುಖ ನೋಡಿದರು.

"ಅಲ್ಲ ಮಗ, ನೀನು ಕೊಟ್ಟಾರದ ಲೀಲನ ಮಗ ಅಲ್ವಾ? ಹುಟ್ಟುವಾಗ ಕಾಲು ಮುಂದೆ ಮಾಡಿ ಬಂದವ. ಅವತ್ತೂ ಐದು ಗಂಟೆ ಕಾಯಿಸಿದೆ. ಇವತ್ತೂ ಕಾಯಿಸ್ತೀಯಾ?"

ಬಾಯಿಯಲ್ಲಿದ್ದ ಸೀಟಿ ಊದದೆ, ಅವನು ನಾಲ್ಕೂ ಕಡೆಯ ವಾಹನ ನಿಲ್ಲಿಸಿ ಅವರನ್ನು ಕಳಿಸಿಕೊಟ್ಟ.

ಇಂಥ ಕಾರಿಗೆ ಟಯರ್ ಹುಡುಕುವುದೆಂದರೆ ಹುಡುಗಾಟವಲ್ಲ. ಆ ಅಳತೆಯ ಹೊಸ ಟಯರ್ ಅಂಗಡಿಗೆ ಬರುವುದು ಯಾವಾಗಲೋ ನಿಂತಿತ್ತು. ಹೊರದೇಶದಿಂದ ತರಿಸಿದರೆ ಟಯರಿನ ಕ್ರಯಕ್ಕೆ ಇನ್ನೊಂದು ಕಾರೇ ಬಂದೀತು. ಉಳಿದದ್ದು ರೀಸೋಲ್, ಅಂದರೆ ಸವೆದ ಟಯರಿಗೆ ಮೇಲಿನಿಂದ ಹೊಸ ರಬ್ಬರ್ ಹೊದಿಸಿದ್ದು. ಬಂದರಿನಲ್ಲಿ ರೀಸೋಲ್ ಮಾಡುವ ಒಬ್ಬರು ಬ್ಯಾರಿ ಮುಸ್ಲಿಮರು ಇದ್ದರು, ಕಾಕ ಎಂದೇ ಕರೆಯುವುದು, ಬಹಳ ತಾಳ್ಮೆಯವರು. ದೊಡ್ಡಮ್ಮ ಅವರಲ್ಲಿಗೆ ಹೋಗುವಾಗ ಟಯರ್ ತಿಳಿದವನೆಂದು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು, ನನ್ನನ್ನು ಒಂದು ಮಾತೂ ಕೇಳುತ್ತಿರಲಿಲ್ಲ.

ಟಯರಿನ ಪರೀಕ್ಷೆ ಅವರದೇ. ಮೊದಲು ಹೆಬ್ಬೆರಳಿನಿಂದ ಒತ್ತುವುದು, ಬಸುರಿಯ ಕಾಲಿನಲ್ಲಿ ನೀರು ತುಂಬಿದೆಯೇ ಎಂದು ನೋಡಿದ ಹಾಗೆ. ಆಮೇಲೆ ಬಿರುಕು ನೋಡುವುದು. "ಹಿಮ್ಮಡಿ ಒಡೆದದ್ದಾದರೆ ಬೆಣ್ಣೆ ಹಚ್ಚಬಹುದು, ಇದಕ್ಕೆ ಎಂತ ಹಚ್ಚುವುದು ಕಾಕ?" ಕೊನೆಗೆ ಪೂರ್ವಚರಿತ್ರೆ.

"ಇದು ಮೊದಲು ಯಾರ ಹತ್ತಿರ ಇತ್ತು?"

"ಒಬ್ಬರು ವಕೀಲರ ಗಾಡಿಯದ್ದು ಅಮ್ಮ."

"ಬೇಡ. ತಿರುಗಿಸಿ ತಿರುಗಿಸಿ ಸವೆಸಿರ್ತಾರೆ. ಇದು?"

"ಹೈಸ್ಕೂಲು ಮಾಸ್ತರರದ್ದು."

"ಪೆಟ್ರೋಲಿಗೆ ಅವರಲ್ಲಿ ದುಡ್ಡೆಲ್ಲಿ? ಗಾಡಿ ನಿಂತೇ ಇದ್ದಿರ್ತದೆ. ಕೊಡಿ."

ಟ್ಯೂಬಿನ ಪರೀಕ್ಷೆ ಇನ್ನೂ ದೊಡ್ಡದು. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳಲು ದಾದಿಯರು ಇಟ್ಟುಕೊಳ್ಳುವ ಸಣ್ಣ ಅಲ್ಯೂಮಿನಿಯಂ ಕೊಳವೆ ಇದೆಯಲ್ಲ, ಕಹಳೆಯ ಹಾಗೆ ಇರುತ್ತದೆ, ಅದು ಯಾವಾಗಲೂ ಅವರ ಚೀಲದಲ್ಲಿ. ಟ್ಯೂಬಿಗೆ ಗಾಳಿ ತುಂಬಿಸಿ, ಅದರ ಬಾಯಿಯನ್ನು ಟ್ಯೂಬಿನ ಮೇಲಿಟ್ಟು, ಇನ್ನೊಂದು ಕೊನೆಗೆ ಕಿವಿ ಕೊಟ್ಟು ಕಣ್ಣು ಮುಚ್ಚುವರು. ಎಲ್ಲಿಂದಲೋ ಗಾಳಿ ಸಣ್ಣಗೆ ಹೋಗುತ್ತಿದ್ದರೆ ಅವರಿಗೆ ಕೇಳುತ್ತದೆ. ನಾವು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುವುದನ್ನು ನೋಡುವವರು. ಅವರು ಹೇಳಿದ ಜಾಗದಲ್ಲೇ ಗುಳ್ಳೆ ಬರುತ್ತಿತ್ತು. ಕಾಕ ಆಮೇಲಾಮೇಲೆ ಬೇರೆಯವರ ಟ್ಯೂಬನ್ನೂ ಅವರ ಎದುರು ತಂದಿಡತೊಡಗಿದರು.

ಕೊನೆಗೊಂದು ದಿನ ಕಾಕನೇ ಕೈ ಮುಗಿದರು. "ಆ ಸೈಜಿನ ಹಳೆ ಟಯರೂ ಈಗ ಸಿಗುವುದಿಲ್ಲ ಅಮ್ಮ. ಹೊದಿಸಲಿಕ್ಕೆ ಒಳಗೆ ಎಂತಾದ್ರೂ ಬೇಕಲ್ಲ."

ಬೇರೆಯವರಾದರೆ ಕಾರನ್ನು ಗುಜರಿಗೆ ಕೊಡುತ್ತಿದ್ದರು. ದೊಡ್ಡಮ್ಮ ನಮ್ಮ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಹೊರಗೆ ಒಬ್ಬ ಕಂಟ್ರಾಕ್ಟರನ ಬುಲೆಟ್ ಬೈಕ್ ನಿಂತಿತ್ತು. ಅದರ ಕಡ್ಡಿಯ ಚಕ್ರವನ್ನು ನೋಡಿದರು, ತಮ್ಮ ಕಾರಿನ ಕಡ್ಡಿಯ ಚಕ್ರವನ್ನು ನೋಡಿದರು, ಮತ್ತೆ ಚೀಲದಿಂದ ಟೇಪು ತೆಗೆದು ಕುಕ್ಕರುಗಾಲಲ್ಲಿ ಕೂತರು. ಬಸುರಿಯರ ಹೊಟ್ಟೆ ಅಳೆಯುವ ಟೇಪು ಅದು. ಒಳಗಿನಿಂದ ಓಡಿ ಬಂದ ಕಂಟ್ರಾಕ್ಟರ್ ಕೇಳಿದ, "ಎಂತ ಅಮ್ಮ, ಎಂತ ನೋಡ್ತೀರಿ?"

"ಅಲ್ಲಾಡಬೇಡ, ಉಸಿರು ಹಿಡಿ. ಅಳತೆ ತಪ್ತದೆ" ಎಂದರು ದೊಡ್ಡಮ್ಮ, ಅಭ್ಯಾಸದಿಂದ. ಅವನು ನಿಜಕ್ಕೂ ಉಸಿರು ಹಿಡಿದು ನಿಂತ.

ಹತ್ತೊಂಬತ್ತು ಇಂಚು. ಎರಡೂ ಒಂದೇ! ನಮ್ಮ ಧಣಿಗಳು ಕುರ್ಚಿಯಲ್ಲಿ ಕೂತು ನಗತೊಡಗಿದರು. ದೊಡ್ಡಮ್ಮ ನಗಲಿಲ್ಲ. "ಬುಲೆಟ್ಟಿನಲ್ಲಿ ಎರಡು ಟಯರಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು ಹೋಗ್ತಾರೆ. ನನಗೆ ನಾಲ್ಕು ಟಯರು. ನೀವೇ ಲೆಕ್ಕ ಹಾಕಿ ಧಣಿ" ಎಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಾರಿನ ಟಯರಿನ ಕ್ರಯದ ಎದುರು ಬೈಕಿನದ್ದು ಏನೂ ಅಲ್ಲ. ನಾಲ್ಕನ್ನೂ ನಾನೇ ಕೂರಿಸಿದೆ. ಪರೀಕ್ಷೆಗೆಂದು ಧಣಿಗಳು ಅವರ ಪಕ್ಕದಲ್ಲಿ ಕೂತು ಕದ್ರಿಯವರೆಗೆ ಹೋಗಿ ಬಂದರು. ಅಂಗಡಿಯವರೆಲ್ಲ ಸುತ್ತುಗಟ್ಟಿ ಹೇಗುಂಟು ಎಂದು ಕೇಳಿದೆವು.

"ಟಯರಿಗೆಂತ ಮಾರಾಯ? ಆಯಮ್ಮ ಹೋಗುವ ಸ್ಪೀಡಿಗೆ ನಾಲ್ಕು ಹಲಸಿನಕಾಯಿ ಕಟ್ಟಿದರೂ ಓಡ್ತದೆ."

ಹಾಗೆ ಏಳು ವರ್ಷ ಓಡಿತು. ಅಷ್ಟರಲ್ಲಿ ಎಂಬತ್ತರ ದಶಕ ಬಂತು. ನಾನು ಹೆಲ್ಪರಿನಿಂದ ಸೇಲ್ಸ್‌ಮನ್ ಆದೆ, ಇಸ್ತ್ರಿ ಮಾಡಿದ ಶರ್ಟ್ ಹಾಕುವವನಾದೆ. ದೊಡ್ಡಮ್ಮ ಮಾತ್ರ ಮೊದಲಿನ ಹಾಗೆಯೇ ಬಂದು, ಅಂಗಡಿಯ ನೆಲದ ಮೇಲೆ ಕೂತು, ಟ್ಯೂಬಿಗೆ ಕೊಳವೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಜೊತೆಯ ಕೆಲಸದವರು ನನಗೆ 'ಕಂಪೌಂಡರ್' ಎಂದು ಹೆಸರಿಟ್ಟರು. ನಗುನಗುತ್ತಾ ಕೇಳಿಸಿಕೊಂಡೆ. ಒಳಗೊಳಗೆ ಉರಿಯುತ್ತಿತ್ತು.

ಆ ದಿನ ನನಗೆ ಚೆನ್ನಾಗಿ ನೆನಪುಂಟು. ಸುರತ್ಕಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ಸೋದರಮಾವ ಮತ್ತು ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಅಣ್ಣ, ಟಯರ್ ಕೇಳುವ ನೆಪದಲ್ಲಿ ನನ್ನನ್ನು ನೋಡಿ ಹೋಗುವುದೆಂದು ಮಾತಾಗಿತ್ತು. ನಮ್ಮಲ್ಲಿ ಸೋದರಮಾವ ಹೂಂ ಎಂದರೆ ಮದುವೆ, ಇಲ್ಲವಾದರೆ ಇಲ್ಲ. ಅಣ್ಣನ ಸೆಂಟಿನ ವಾಸನೆ ಮುಂದೆ, ಅವರಿಬ್ಬರು ಹಿಂದೆ ಒಳಗೆ ಬಂದರು. ಆಗ ನೆಲದ ಮೇಲೆ ಯಾರು? ದೊಡ್ಡಮ್ಮ. ಬಿಳಿ ಸೀರೆ, ಕಿವಿಗೆ ಕೊಳವೆ, ಸುತ್ತ ನಾಲ್ಕು ಬುಲೆಟ್ ಟಯರು.

ಸೋದರಮಾವ ನನ್ನ ಹತ್ತಿರ ಬಗ್ಗಿ ಕೇಳಿದರು, "ಆಯಮ್ಮ ಯಾರು? ಸ್ವಲ್ಪ ಲೂಸಾ?"

"ಯಾರೋ ಗಿರಾಕಿ" ಎಂದೆ. ಅವರು ನಕ್ಕರು. ನಾನೂ ನಕ್ಕೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ದೊಡ್ಡಮ್ಮನನ್ನು ಒಮ್ಮೆ ಅಲ್ಲಿಂದ ಎಬ್ಬಿಸಬೇಕು, ಇನ್ನೆಂದೂ ಅಂಗಡಿಗೆ ಬಾರದ ಹಾಗೆ ಮಾಡಬೇಕು ಎಂದು ನನಗಾಯಿತು. ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ತಿಳಿದವನ ಗತ್ತಿನಲ್ಲಿ ಹೇಳಿದೆ: "ಈಗ ಬರುವ ಬೈಕಿನ ಟಯರು ಕಾರಿಗೆ ಆಗುವುದಿಲ್ಲ. ರಬ್ಬರಿನ ಒಳಗಿನ ನೂಲು ಬದಲಾಗಿದೆ. ತಿರುವಿನಲ್ಲಿ ಕಳಚಿಕೊಂಡು ಬರ್ತದೆ. ಆ ಕಾರು ಇನ್ನು ಓಡಿಸಲಿಕ್ಕೇ ಬಾರದು." ನೂಲು ಬದಲಾಗಿರಲಿಲ್ಲ. ಅದೇ ಟಯರು, ಅದೇ ಅಚ್ಚು.

ದೊಡ್ಡಮ್ಮ ಕಿವಿಯಿಂದ ಕೊಳವೆ ತೆಗೆದರು. ನನ್ನ ಇಸ್ತ್ರಿಯ ಶರ್ಟ್ ನೋಡಿದರು, ಅವರಿಬ್ಬರನ್ನು ನೋಡಿದರು. ನಾನು ಹುಟ್ಟಿದಂದಿನಿಂದ ನನ್ನ ಹತ್ತಿರ ತುಳು ಬಿಟ್ಟು ಬೇರೆ ಭಾಷೆ ಆಡದ ಹೆಂಗಸು, ಅಂದು ಕನ್ನಡದಲ್ಲಿ ಮಾತಾಡಿದರು. ಗುರುತಿಲ್ಲದವರ ಹತ್ತಿರ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ನಾವು ಆಡುತ್ತೇವಲ್ಲ, ಆ ಕನ್ನಡ.

"ಆಗಲಿ. ನೀವು ತಿಳಿದವರು, ನೀವು ಹೇಳಿದ ಮೇಲೆ ಮುಗಿಯಿತು. ನಾನು ಬರ್ತೇನೆ."

ಸಂಬಂಧ ಕುದುರಿತು. ಮದುವೆಯ ದಿನ ದೊಡ್ಡಮ್ಮ ಬಸ್ಸಿನಲ್ಲಿ ಬಂದರು. ಹುಡುಗಿಯ ಸೋದರಮಾವ ಅವರನ್ನೇ ನೋಡುತ್ತಾ, "ನಿಮ್ಮನ್ನು ಎಲ್ಲೋ ನೋಡಿದ ಹಾಗೆ ಉಂಟಲ್ಲ" ಎಂದರು. ನಾನು ಕೈಯಲ್ಲಿದ್ದ ಹೂವಿನ ಹಾರವನ್ನು ಸರಿಮಾಡುವವನ ಹಾಗೆ ಬಗ್ಗಿದೆ. "ನನ್ನಂಥ ಮುದುಕಿಯರು ಎಲ್ಲ ಬಸ್‌ಸ್ಟ್ಯಾಂಡಿನಲ್ಲೂ ಇರ್ತಾರೆ ಮಾರಾಯರೇ" ಎಂದು ದೊಡ್ಡಮ್ಮ ಪಾಯಸ ಬಡಿಸಿದರು.

ಕೆಲವು ತಿಂಗಳ ಮೇಲೆ ಸುರತ್ಕಲ್ಲಿನ ಒಬ್ಬ ಹೋಟೆಲಿನವರು ಅಂಗಡಿಗೆ ಬಂದರು. ಹಳೆಯ ಕಾರುಗಳ ಹುಚ್ಚು ಅವರಿಗೆ. "ಕಾವೂರಿನ ನರ್ಸಮ್ಮನ ಬೇಬಿ ಆಸ್ಟಿನ್ ತಗೊಂಡೆ. ನಾಲ್ಕು ಬುಲೆಟ್ ಟಯರ್ ಕೊಡಿ" ಎಂದರು.

ನಾನು ಬಿಲ್ ಪುಸ್ತಕದ ಹಾಳೆ ತಿರುಗಿಸತೊಡಗಿದೆ. ಅವರೇ ನಕ್ಕು ಮುಂದುವರಿಸಿದರು. "ನೀವು ಮೊದಲು ಆಗುವುದಿಲ್ಲ ಅನ್ನಬಹುದು ಅಂತ ಆಯಮ್ಮನೇ ಹೇಳಿದ್ದಾರೆ. 'ಬೇಸರ ಮಾಡಬೇಡಿ, ಅವನಿಗೆ ನನ್ನ ಜೀವದ್ದೇ ಹೆದರಿಕೆ. ಈ ವಯಸ್ಸಿನಲ್ಲಿ ಎಲ್ಲಾದರೂ ಗಾಡಿ ಗುದ್ದಿ ಸತ್ತೇನು ಅಂತ ಅವನು ಸುಳ್ಳು ಹೇಳಿದ. ನಿಮಗೆ ಕೊಡ್ತಾನೆ' ಅಂದರು."

ಟಯರುಗಳನ್ನು ನಾನೇ ಕೂರಿಸಿದೆ. ಚೆನ್ನಾಗಿಯೇ ಕೂತವು.

ಮರುದಿನ ಆದಿತ್ಯವಾರ. ಎಲ್ಲ ಹೇಳಿಬಿಡಬೇಕೆಂದು ಕಾವೂರಿಗೆ ಹೋದೆ. ದೊಡ್ಡಮ್ಮ ಆಗಷ್ಟೇ ಒಬ್ಬ ಬಾಣಂತಿಯನ್ನು ನೋಡಿ ಬಂದು, ಜಗಲಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಬಸ್ಸು ಇಳಿದು ಒಂದೂವರೆ ಮೈಲು ನಡೆದಿದ್ದರಂತೆ.

"ದೊಡ್ಡಮ್ಮ, ಆ ದಿನ ಅಂಗಡಿಯಲ್ಲಿ..."

"ಬಿಡು ಮಗ. ನನಗೆ ಅವತ್ತೇ ಗೊತ್ತಾಗಿದೆ. ನಿನಗೆ ನಿದ್ದೆ ಬಾರದ ಹಾಗೆ ನಾನು ಕಾರು ಓಡಿಸಿ ಎಂತ ಸುಖ? ನನ್ನ ಜೀವಕ್ಕೆ ಹೆದರಲಿಕ್ಕೆ ಒಬ್ಬ ಇದ್ದಾನೆ ಅಂತ ಆಯ್ತಲ್ಲ."

ಅವರ ಮುಖದಲ್ಲಿದ್ದ ಸಂತೋಷವನ್ನು ನೋಡಿದೆ. ನಾನು ಹೆದರಿದ್ದು ನಿಮ್ಮ ಜೀವಕ್ಕಲ್ಲ, ನನ್ನ ಶರ್ಟಿನ ಇಸ್ತ್ರಿಗೆ ಎಂದು ಹೇಳಬೇಕಿತ್ತು. ಹೇಳಿದರೆ ಆ ಸಂತೋಷ ಹೋಗುತ್ತದೆ ಎಂದು ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಒಳ್ಳೆಯವನು ಎಂದು ಅನ್ನಿಸಿಕೊಳ್ಳುವುದು ಹಿತವಾಗಿತ್ತು, ಅಷ್ಟೇ. ಅವರು ಕೊಟ್ಟ ಚಾ ಕುಡಿದು ಬಂದೆ.

ಮತ್ತೆ ಆರು ವರ್ಷ ಬದುಕಿದ್ದರು. ಆರು ವರ್ಷವೂ ಬಸ್ಸಿನಲ್ಲಿ. ದೂರದ ಮನೆಗಳು ಒಂದೊಂದೇ ಬಿಟ್ಟುಹೋದವು. ಕೊನೆಗೆ ನಡೆದು ಹೋಗುವಷ್ಟು ದೂರದ ಬಾಣಂತಿಯರು ಮಾತ್ರ ಉಳಿದರು. ಯಾರಾದರೂ ಕಾರು ಎಲ್ಲಿ ಎಂದು ಕೇಳಿದರೆ, "ನನ್ನ ತಂಗಿಯ ಮಗ ಬಿಡುವುದಿಲ್ಲ" ಎಂದು ಜಂಬದಲ್ಲಿ ಹೇಳುತ್ತಿದ್ದರಂತೆ. ನಿಜಕ್ಕೂ ಹಾಗೆಯೇ ನಂಬಿದ್ದರೋ, ನನಗಾಗಿ ನಂಬಿದ ಹಾಗೆ ಇದ್ದರೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಇಷ್ಟು ಹೊತ್ತು ದೊಡ್ಡಮ್ಮ, ದೊಡ್ಡಮ್ಮ ಎಂದೇ ಬರೆದೆ. ಅಂದು ಅಂಗಡಿಯಲ್ಲಿ ಆಯಮ್ಮ ಯಾರು ಎಂದು ಕೇಳಿದಾಗ ನಾನು ಹೇಳಬೇಕಾಗಿದ್ದ ಉತ್ತರ ಬೇರೆ. ನನ್ನ ತಾಯಿಯ ಅಕ್ಕ ಅವರು. ಹೆಸರು ವಾರಿಜಾಕ್ಷಿ.