ನೀರಿನ ಕಡತಾ

ಉಮರ್ಗಾದಾಗ ಕಲಿಸಿದೆ, ನಿಲಂಗಾದಾಗ ಕಲಿಸಿದೆ, ಈಗ ಉದಗೀರದಾಗ ಹನ್ನೊಂದನೇ ವರ್ಗಕ್ಕ ಫಿಜಿಕ್ಸ್ ಕಲಿಸ್ತೀನಿ. ಊರು ಬದಲಿ ಆದ್ರೂ ಮಂದಿಗಿ ನನ್ನ ಮ್ಯಾಲಿನ ಸಂಶಯ ಬದಲಿ ಆಗಿಲ್ಲ. ಹಳ್ಯಾಗ ಭೂತ ಬಿಡಸೋರನ್ನ ನಂಬತಾರ, ಉಷ್ಣ ಅಳೆಯೋ ಮಾಸ್ತರನ್ನ ನಂಬಂಗಿಲ್ಲ. ಈ ವರ್ಷದ ಪ್ರಸಂಗ ಕೇಳ್ರಿ.

೧. ಒಂದೇ ನೀರು, ಎರಡು ರೇಟು

ಕಾಲೇಜ ಸುರು ಆಗಿ ತಿಂಗಳಾಗಿತ್ತು. ಮೋಂಢಾದಾಗ, ಅಂದ್ರ ನಮ್ಮ ಕಾಳಿನ ಪ್ಯಾಟ್ಯಾಗ, ತೊಗರಿ ವ್ಯಾಪಾರ ಮಾಡೋ ಸಾವಕಾರರು ಒಬ್ಬರು ಮಗಳ ನೋಟಬುಕ್ ಹಿಡಕೊಂಡು ಸ್ಟಾಫ್ ರೂಮಿಗಿ ಬಂದ್ರು. ಹಣಿ ತುಂಬ ವಿಭೂತಿ, ಕಣ್ಣ ತುಂಬ ಸಂಶಯ.

"ಕಾಯ್ ಓ ಸರ್, ಇದೇನ್ರಿ ಇದು? ಒಂದು ಪುಟದಾಗ ನೀರಿನ ವಿಶಿಷ್ಟ ಉಷ್ಣ ಒಂದು ಅಂತ ಬರಸೀರಿ. ತಿರಿವಿ ಹಾಕಿದ್ರ 4186 ಅಂತ ಅದ. ಯಾವುದು ಖರೇ?"

"ಎರಡೂ ಖರೇನ್ರಿ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಬೇಕಂದ್ರ ಒಂದು ಕ್ಯಾಲರಿ ಉಷ್ಣ ಬೇಕು. ಅದನ್ನೇ ಕಿಲೋ ಲೆಕ್ಕದಾಗ, ಜೂಲ್ ಲೆಕ್ಕದಾಗ ಹೇಳಿದ್ರ 4186."

"ಗ್ರಾಂ ಹೋಗಿ ಕಿಲೋ ಆತು, ಸಾವಿರ ಪಟ್ಟು. ತಿಳೀತು. ಉಳದ ನಾಕೂ ಚಿಲ್ಲರಿ?"

"ಒಂದು ಕ್ಯಾಲರಿ ಅಂದ್ರ 4.186 ಜೂಲ್ ರೀ."

ಅವರು ಖುರ್ಚಿ ಹತ್ತರ ಎಳಕೊಂಡು, ದನಿ ಇಳಿಸಿ ಕೇಳಿದ್ರು: "ಅದನ್ನ ತೂಗಿದ ಹಮಾಲ ಯಾರ ಕಡಿಯಾಂವ? ಕೊಡೋರ ಕಡಿಯಾಂವೋ, ತಗೊಳ್ಳೋರ ಕಡಿಯಾಂವೋ?"

ಎದ್ದು ಹೋಗುವಾಗ ಒಂದು ಮಾತು ಹೇಳಿ ಹೋದ್ರು. ಈ ವಿದ್ಯಾದಾಗ ಗೋಲಮಾಲ ಕಂಡ್ರ ಮಗಳನ್ನ ಸೈನ್ಸ್ ಬಿಡಿಸಿ ಕಾಮರ್ಸಿಗಿ ಹಾಕ್ತೀನಿ, ತಿಂಗಳ ಕಡೀಕ ಫಾರ್ಮ್ ತುಂಬತೀನಿ ಅಂತ. ಆ ಹುಡುಗಿಗಿ ಸೈನ್ಸ್ ಅಂದ್ರ ಜೀವ.

೨. ಉದುರಿದ್ದು

ಮರದಿವಸ ಕ್ಯಾಲರಿಯಿಂದ ಜೂಲಿಗಿ ತರೋ ಲೆಕ್ಕದ ಟೆಸ್ಟ್ ಪೇಪರ್ ನೋಡ್ಲತ್ತಿದ್ದೆ. ಅದೇ ಹುಡುಗಿ ಪೇಪರ್ ಬಂತು. ಎಲ್ಲಾ ತಪ್ಪು! ನೀರಿಗಿ 4186 ಬರಬೇಕು, ಆಕಿ 4102 ಬರದಾಳ. ತಾಮ್ರಕ್ಕ 377 ಬರಬೇಕು, ಆಕಿದು 369. ತಪ್ಪು ಮಾಡೋರು ಹ್ಯಾಂಗ ಬೇಕಾದ್ರ ಹಂಗ ಮಾಡ್ತಾರ. ಎಲ್ಲಾ ಲೆಕ್ಕಾನೂ ನೂರಕ್ಕ ಎರಡರಂಗ ಬರೋಬ್ಬರ ಕಡಿಮಿ ಬರಬೇಕಂದ್ರ ಇದರಾಗ ಏನೋ ಕಾರಸ್ತಾನ ಅದ ಅಂತ ಈ ಸಲ ನನಗೇ ಸಂಶಯ ಬಂತು. ಸೊನ್ನಿ ಹಾಕಿ ಆಕಿನ್ನ ಕರದೆ.

"ಏನವ್ವಾ ಇದು?"

"ಕಡತಾ ತಗದೀನ್ರಿ ಸರ್."

ಮೋಂಢಾದಾಗ ಚೀಲದ ತೂಕದಾಗ ಧೂಳಂತ, ಕಸಂತ ಒಂದೀಟು ಕಳೀತಾರ, ಅದಕ್ಕ ಕಡತಾ ಅಂತಾರ.

"ಅರೇ, ಕ್ಯಾಲರಿಗಿ ಎಲ್ಲೀ ಧೂಳು?"

"ಒಂದು ಮಾಪಿನಿಂದ ಇನ್ನೊಂದು ಮಾಪಿಗಿ ಹಾಕುವಾಗ ಸ್ವಲ್ಪ ಉದುರಂಗಿಲ್ಲೇನ್ರಿ?"

"ಜೂಲಿಂದ ತಿರಗಿ ಕ್ಯಾಲರಿಗಿ ತಂದ್ರ?"

"ಮತ್ತೊಮ್ಮೆ ಉದುರತದ್ರಿ."

ತಲಿ ಹಿಡಕೊಂಡೆ. "ಯವ್ವಾ, ಹಿಂಗ ಮೂವತ್ತಾರು ಸಲ ತಿರುವ್ಯಾಡಿದ್ರ ನಿನ್ನ ನೀರಿನ ಲೆಕ್ಕ ಕುಸುಬಿ ಎಣ್ಣಿ ಲೆಕ್ಕಕ್ಕ ಬಂದು ನಿಲ್ಲತದ!"

ಆಕಿ ಆಕಡಿ ಈಕಡಿ ನೋಡಿ ಅಂದ್ಲು: "ಸರ್, ಹಿಂಗ ಉದುರತದಂತ ಅಪ್ಪಾಗ ಹೇಳಬ್ಯಾಡ್ರಿ, ಗೋಲಮಾಲ ಅಂತ ಸೈನ್ಸ್ ಬಿಡಸ್ತಾನ."

೩. ಬಾವಿ ತಳ

ಎಂಟು ದಿನಕ್ಕ ಸಾವಕಾರರು ಮತ್ತ ಹಾಜರ್. ಸೆಲ್ಸಿಯಸ್ಸಿಂದ ಕೆಲ್ವಿನ್ನಿಗಿ ಹೋಗುವಾಗ 273 ಕೂಡಸ್ತೀರಿ, ವಿಶಿಷ್ಟ ಉಷ್ಣಕ್ಕ ಮಾತ್ರ ಕೂಡಸಂಗಿಲ್ಲ, ಗಿರಾಕಿ ಮಾರಿ ನೋಡಿ ಮಾಪ ಹಾಕ್ತೀರೇನು ಅಂತ ಜಗಳಾ ತಗದ್ರು.

"ಸಾವಕಾರ್ರ, ನಿಮ್ಮ ಹೊಲದಾಗ ಮೆಟ್ಟಲ ಬಾವಿ ಅದಲ್ಲ? ಮ್ಯಾಲಿಂದ ಎಣಿಸ್ರಿ, ತಳದಿಂದ ಎಣಿಸ್ರಿ, ಮೆಟ್ಟಲ ನಂಬರ್ ಬದಲಿ ಆಗ್ತದ. ಒಂದು ಮೆಟ್ಟಲ ಎತ್ತರ ಬದಲಿ ಆಗ್ತದೇನು? ಕೆಲ್ವಿನ್ ಅಂದ್ರ 273 ಮೆಟ್ಟಲ ಕೆಳಗಿನ ತಳದಿಂದ ಎಣಿಸಿದಂಗ. ವಿಶಿಷ್ಟ ಉಷ್ಣ ಅಂತ ನಾವು ಹೇಳೋದು ಒಂದು ಮೆಟ್ಟಲ ಏರೋ ಲೆಕ್ಕ."

ಸಾವಕಾರರು ಬೆರಳ ಮಡಿಚಿ ತಮ್ಮ ಬಾವಿ ಮೆಟ್ಟಲ ಎಣಿಸಿದ್ರು. ಗೆದ್ದೆ ಅಂದಕೊಂಡೆ.

"ಖರೇ ಅದ. ಆದ್ರ ಆ 273ನೇ ಮೆಟ್ಟಲ, ಬಾವಿ ತಳ, ಅಲ್ಲಿ ಇಳದು ನೋಡಿ ಬಂದವರು ಯಾರು?"

ಸುಳ್ಳು ಹೇಳ್ಲಿಕ್ಕಿ ಬಾಯಿ ಬರಲಿಲ್ಲ. "ಇನ್ನಾ ಯಾರೂ ಮುಟ್ಟಿಲ್ರಿ."

"ಭಲೇ! ಯಾರೂ ಇಳದಿಲ್ಲ, ಮೆಟ್ಟಲ ಮಾತ್ರ ಎಣಿಸಿ ಇಟ್ಟೀರಿ!"

೪. ಅರ್ಧಾ ಕಿಲೋ ನೀರು

ಫಾರ್ಮ್ ತುಂಬೋ ಕಡೀ ದಿವಸ. "ನನ್ನ ಎದುರಿಗಿ ಅಳದು ತೋರಸ್ರಿ, 4186 ಬರದಿದ್ರ ಮಗಳು ಕಾಮರ್ಸಿಗಿ" ಅಂತ ಸಾವಕಾರರು ಲ್ಯಾಬಿಗೇ ಬಂದ್ರು. ಕಾಲೇಜಿನ ನೀರು ನಂಬಂಗಿಲ್ಲಂತ ತಮ್ಮ ಬಾವಿ ನೀರು ಅರ್ಧಾ ಕಿಲೋ ತೂಗಿ ಬಾಟ್ಲ್ಯಾಗ ತಂದಿದ್ರು. ಕಾಲೇಜಿನ ತಕ್ಕಡಿನೂ ನಂಬಂಗಿಲ್ಲ, ಬಗಲಾಗ ಸ್ವಂತದ್ದು.

ನೀರು ತಾಮ್ರದ ಪಾತ್ರ್ಯಾಗ ಸುರುವಿ, ಹೀಟರ್ ಇಟ್ಟು, ಎಷ್ಟು ಜೂಲ್ ಹೋತಂತ ತೋರಿಸೋ ಮೀಟರ್ ಹಚ್ಚಿದೆ. ಹತ್ತು ಡಿಗ್ರಿ ಏರಿತು. ಲೆಕ್ಕ ಹಾಕಿದೆ. 4270!

"84 ಹೆಚ್ಚು! ನಾ ಹೇಳಿದ್ದಿಲ್ಲ?" ಸಾವಕಾರರು ಕಿಸೆದಾಗಿನ ಫಾರ್ಮ್ ತಗದ್ರು. ಹುಡುಗಿ ಕಣ್ಣಾಗ ನೀರು.

ಕಣ್ಣ ವರಸಕೊಂಡು ಆಕಿ ಅಂದ್ಲು, "ತಡೀ ಅಪ್ಪಾ, ಪಾತ್ರಿನೂ ಬಿಸಿ ಆಗ್ಯಾದ. ಅದರ ಪಾಲು ತಗೀಬೇಕು." ಅಪ್ಪನ ತಕ್ಕಡ್ಯಾಗೇ ಪಾತ್ರಿ ತೂಗಿದ್ಲು. ಅದು ತಿಂದ ಉಷ್ಣ 377ರ ಲೆಕ್ಕದಾಗ, ಈ ಸಲ ಏನೂ ಉದುರಿಸದಂಗ, ಕಳದ್ಲು. ಉಳದದ್ದು 4185.

ಸಾವಕಾರರು ಬೆರಳ ಮ್ಯಾಲ ಲೆಕ್ಕ ಹಾಕಿದ್ರು. "ಅಂದ್ರ ನೂರಕ್ಕ ಎರಡು ಕಡತಾ! ನನ್ನ ಮಗಳು ಟೆಸ್ಟ್ ಪೇಪರ್ದಾಗ ಇದನ್ನ ಮೊದಲೇ ಬರದಿದ್ಲು, ಆಕಿ ಚೀಲದಾಗ ನಾ ನೋಡೀನಿ. ನೀವು ಆಕಿಗಿ ಸೊನ್ನಿ ಕೊಟ್ಟೀರಿ!"

"ತಪ್ಪಾತ್ರಿ" ಅಂದೆ.

"ಇರ್ಲಿ, 4186ಕ್ಕ ಕಡಿಮಿ ಬಿದ್ದ ಆ ಒಂದು ನಾ ಬಿಟ್ಟೆ. ಧರ್ಮದಿಂದ ಕಡತಾ ತಗಿಯೋ ವಿದ್ಯಾ ಅಂದ್ರ ಕಲೀಲಿ." ಫಾರ್ಮ್ ಹರದು ಒಗದ್ರು. ಹುಡುಗಿ ಕುಣಿಯೋದೊಂದು ಬಾಕಿ. ನನಗೂ ಹೋದ ಜೀವ ಬಂದಂಗ ಆತು.

ಆಮ್ಯಾಲ ಸಾವಕಾರರು ತಮ್ಮ ನೀರು ತಿರಗಿ ಬಾಟ್ಲಿಗಿ ಸುರುವಿ ತಕ್ಕಡ್ಯಾಗ ಇಟ್ರು. ಹುಬ್ಬು ಮತ್ತ ಏರಿದ್ವು.

"ಸರ್, ಅರ್ಧಾ ಕಿಲೋ ತಂದಿದ್ದೆ. ಹತ್ತು ಗ್ರಾಂ ಕಡಿಮಿ ಅದ. ಎಲ್ಲಿ ಹೋತು?"

ನಾ ಬಾಯಿ ತಗಿಯೋದ್ರಾಗ ಮಗಳು ಅಂದ್ಲು:

"ಅಪ್ಪಾ, ನೂರಕ್ಕ ಎರಡೇ ಆತಲ್ಲ. ಕಡತಾ!"